ಪದವಿ ಓದುವವರಿಗೆ ಕ್ರೀಡಾ ಸಂಶೋಧನೆ ಬೇಕಾ?

ಪರ

ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಆದರೂ ಕಾಲೇಜು ಮೈದಾನದಲ್ಲಿ ಕಬಡ್ಡಿ, ಖೋ ಖೋ ನಿಲ್ಲಲ್ಲ. ಒಂದು ಗಂಟೆ ಆಡಿದವರು ಎಷ್ಟು ಬೆವರುತ್ತಾರೆ? ಇದನ್ನು ತಿಳಿಯೋಕೆ ದೊಡ್ಡ ಲ್ಯಾಬ್ ಏನೂ ಬೇಡ. ಆಟಕ್ಕೆ ಮುಂಚೆ ತೂಕ ನೋಡಬೇಕು. ಮುಗಿದ ಮೇಲೆ ಮೈ ಒರೆಸಿಕೊಂಡು, ಒದ್ದೆ ಬನಿಯನ್ ತೆಗೆದು ಮತ್ತೆ ನೋಡಬೇಕು. ನಡುವೆ ಕುಡಿದ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಕಿಲೋ ಅಂದರೆ ಹೆಚ್ಚುಕಮ್ಮಿ ಒಂದು ಲೀಟರ್ ಬೆವರು. 60 ಕಿಲೋ ಹುಡುಗನ ತೂಕ 1.2 ಕಿಲೋ ಇಳಿದರೆ ಶೇಕಡ 2 ಆಯಿತು. ಬಿಸಿಲಲ್ಲಿ ಅಲ್ಲಿಂದಾಚೆಗೆ ದಮ್ಮು ಸಾಲದೆ ಬರುವುದು ಸಾಮಾನ್ಯ.

ಇಷ್ಟನ್ನು ಡಿಗ್ರಿ ಎರಡನೇ ವರ್ಷದ ಹುಡುಗಿ ಮಾಡಲಾರಳಾ? ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ, 2018ರಲ್ಲಿ ಶುರುವಾದದ್ದು. ಅಲ್ಲಿನ ಕ್ರೀಡಾಪಟುಗಳನ್ನು ನೋಡಿಕೊಳ್ಳೋಕೆ ಪರಿಣತರಿದ್ದಾರೆ. ಮಾನ್ವಿ, ಸಿಂಧನೂರಿನ ಆಟಗಾರರ ಬೆವರಿನ ಲೆಕ್ಕ ಯಾರು ಇಡಬೇಕು? ಅವರ ಕ್ಲಾಸ್‌ಮೇಟ್‌ಗಳೇ.

ವಿರೋಧ

ತೂಕ ನೋಡೋದು ಸಲೀಸು, ಒಪ್ಪಿದೆ. ಆದರೆ ಪ್ರಾಜೆಕ್ಟ್ ಅಲ್ಲಿಗೆ ನಿಲ್ಲಲ್ಲ. 'ಆರು ವಾರದ ತರಬೇತಿಯಿಂದ 100 ಮೀಟರ್ ಓಟದಲ್ಲಿ ಸುಧಾರಣೆ' ಅಂತ ವಿಷಯ ಇಟ್ಟುಕೊಳ್ಳುತ್ತಾರೆ. ಹತ್ತು ಜನ ಗೆಳೆಯರು, ಒಂದು ಸ್ಟಾಪ್‌ವಾಚ್. ಶಿಳ್ಳೆಯ ಸದ್ದು ಆ ತುದಿಯಿಂದ ಈ ತುದಿಗೆ ಬರೋಕೇ ಸುಮಾರು 0.3 ಸೆಕೆಂಡ್ ಬೇಕು. ವಾಚ್ ಹಿಡಿದವನು ಒಂದು ಸಲ ಸದ್ದು ಕೇಳಿ, ಇನ್ನೊಂದು ಸಲ ಕೈಸನ್ನೆ ನೋಡಿ ಒತ್ತಿದರೆ ಅಷ್ಟು ವ್ಯತ್ಯಾಸ ಬರುತ್ತದೆ. ಬಂದ ಸುಧಾರಣೆಯೂ ಅಷ್ಟೇ ಇದ್ದರೆ? ಓಡಿದವನು ಸುಧಾರಿಸಿದನೋ, ವಾಚ್ ಹಿಡಿದವನೋ, ಹೇಳೋರು ಯಾರು!

ನನಗೆ ಇನ್ನೂ ಜಾಸ್ತಿ ಚಿಂತೆ ಜೂನಿಯರ್‌ಗಳದ್ದು. ಸೀನಿಯರ್ ಬಂದು 'ಲೇ, ನಾಳೆ ಬೀಪ್ ಟೆಸ್ಟ್‌ಗೆ ಬಾ' ಅಂದರೆ ಒಲ್ಲೆ ಅನ್ನೋದು ಕಷ್ಟ, ಅಲ್ವಾ? ಅದು ಕಾಲು ಸೋಲುವ ತನಕ ಓಡಿಸುವ ಪರೀಕ್ಷೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಸಂಶೋಧನೆಗೆ ಸೇರುವ 18 ತುಂಬದವರಿಗೆ ಹೆತ್ತವರ ಒಪ್ಪಿಗೆಯೂ ಬೇಕು. ಮೊದಲ ಸೆಮಿಸ್ಟರ್‌ನಲ್ಲಿ ಅಂಥವರು ಇದ್ದೇ ಇರುತ್ತಾರೆ. ಊರಿಗೆ ಹೋಗಿ ಸಹಿ ಹಾಕಿಸಿಕೊಂಡು ಬರೋಕೆ ಯಾರಿಗೆ ಪುರಸೊತ್ತು? ಎಷ್ಟೋ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು ಇರೋದೇ ಒಬ್ಬರು. ಅವರಿಗೆ ಟೂರ್ನಮೆಂಟ್ ಓಡಾಟವೇ ಮುಗಿಯಲ್ಲ. ಕೊನೆಗೆ ಹಳೇ ಪ್ರಾಜೆಕ್ಟ್‌ನ ಹೆಸರು ಬದಲಿಸಿ, ಝೆರಾಕ್ಸ್ ಅಂಗಡಿಯಲ್ಲಿ ಬೈಂಡ್ ಮಾಡಿಸಿ ಕೊಡೋದೇ ಆಗುತ್ತದೆ. 2024ರಲ್ಲಿ ರಾಜ್ಯ ಮೂರು ವರ್ಷದ ಪದವಿಗೆ ಮರಳಿದ ಮೇಲಂತೂ ಸಮಯವೂ ಕಮ್ಮಿ.

ಮೊದಲು ಅಳೆಯೋದನ್ನು ಪ್ರಾಕ್ಟಿಕಲ್‌ನಲ್ಲಿ ಕಲಿಸಲಿ. ಒಂದೇ ಓಟಕ್ಕೆ ನಾಲ್ಕು ಜನ ವಾಚ್ ಒತ್ತಿ, ನಾಲ್ಕೂ ಸಮಯ ಪಕ್ಕಪಕ್ಕ ಬರೆದು ನೋಡಲಿ. ಸಂಶೋಧನೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ ಎಂ.ಪಿ.ಎಡ್.ಗೆ ಇರಲಿ.