ಲಾಭದ ಅಂಕಿ ನೋಡಿ ಕಾರ್ಖಾನೆ ಗಟ್ಟಿಯಾಗಿದೆ ಅನ್ನಬೇಡಿ

ಬಹಳಷ್ಟು ಕಾರ್ಖಾನೆಗಳಲ್ಲಿ ತಿಂಗಳ ರಿವ್ಯೂ ಮೀಟಿಂಗ್ ಶುರುವಾಗುವುದೇ ದುಡ್ಡಿನಿಂದ. ಮಾರಾಟ ಎಷ್ಟು, ಖರ್ಚು ಎಷ್ಟು, ಮಾರ್ಜಿನ್ ಎಷ್ಟು. ಮೇಂಟೆನೆನ್ಸ್‌ನವರ ಸರದಿ ಬರುವ ಹೊತ್ತಿಗೆ ಎಲ್ಲರೂ ಗಡಿಯಾರ ನೋಡುತ್ತಿರುತ್ತಾರೆ. ಈ ಕ್ರಮ ತಲೆಕೆಳಗಾಗಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಲಾಭ ಬೇಡ ಅಂತ ನಾನು ಹೇಳುತ್ತಿಲ್ಲ. ಏಟು ಬಿದ್ದಾಗ ಈ ಕಾರ್ಖಾನೆ ಎದ್ದು ನಿಲ್ಲುತ್ತದಾ ಅನ್ನುವ ಪ್ರಶ್ನೆಗೆ ಲಾಭದ ಅಂಕಿಯಲ್ಲಿ ಉತ್ತರ ಸಿಗುವುದಿಲ್ಲ.

ಎಷ್ಟೋ ಸಲ ಆ ಅಂಕಿ ದಾರಿಯನ್ನೂ ತಪ್ಪಿಸುತ್ತದೆ. ಈ ತಿಂಗಳ ಪ್ರಿವೆಂಟಿವ್ ಮೇಂಟೆನೆನ್ಸ್, ಅಂದರೆ ಮಷೀನ್ ಕೆಡುವ ಮೊದಲೇ ಮಾಡುವ ನಿರ್ವಹಣೆಯನ್ನು, ಮುಂದಕ್ಕೆ ಹಾಕಿ. ಸದ್ದು ಮಾಡುತ್ತಿರುವ ಬೇರಿಂಗನ್ನು ಹಾಗೇ ಓಡಿಸಿ. ಟ್ರೇನಿಂಗ್ ಕ್ಯಾನ್ಸಲ್ ಮಾಡಿ. ಸ್ಪೇರ್ ಪಾರ್ಟ್ಸ್ ಸ್ಟಾಕ್ ಇಳಿಸಿ. ತಿಂಗಳ ಕೊನೆಗೆ ಲೆಕ್ಕ ತೆಗೆದರೆ ಲಾಭ ಜಾಸ್ತಿಯಾಗಿರುತ್ತದೆ! ಒಳಗೊಳಗೇ ಸೊರಗುತ್ತಿರುವ ಕಾರ್ಖಾನೆ ಕಾಗದದ ಮೇಲೆ ಆರೋಗ್ಯವಾಗಿ ಕಾಣುತ್ತದೆ. ಮುಂದೊಂದು ದಿನ ಆ ಬೇರಿಂಗ್ ಕೈಕೊಟ್ಟು ಲೈನ್ ನಿಂತಾಗ ನಷ್ಟದ ಲೆಕ್ಕ ಬರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಪ್ರಯೋಜನ?

1997ರ ಫೆಬ್ರುವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಬ್ರೇಕಿನ ಒತ್ತಡ ಹದದಲ್ಲಿಡುವ ಒಂದು ಸಣ್ಣ ವಾಲ್ವ್. ಟೊಯೋಟಾಗೆ ಬೇಕಾದ ವಾಲ್ವ್‌ಗಳು ಹೆಚ್ಚುಕಮ್ಮಿ ಎಲ್ಲವೂ ಅಲ್ಲಿಂದಲೇ ಬರುತ್ತಿದ್ದವು. ಒಂದೇ ಕಡೆ ಮಾಡಿಸಿದರೆ ಅಗ್ಗ. ಸ್ಟಾಕ್ ಇಡದಿದ್ದರೆ ಇನ್ನೂ ಅಗ್ಗ. ದುಡ್ಡಿನ ಲೆಕ್ಕದಲ್ಲಿ ಈ ವ್ಯವಸ್ಥೆಗೆ ಬೆರಳು ತೋರಿಸುವ ಹಾಗೇ ಇರಲಿಲ್ಲ. ಬೆಂಕಿ ಬಿದ್ದ ಕೆಲವೇ ದಿನಗಳಲ್ಲಿ ಜಪಾನಿನಲ್ಲಿದ್ದ ಟೊಯೋಟಾ ಅಸೆಂಬ್ಲಿ ಲೈನ್‌ಗಳು ಬಹುತೇಕ ನಿಂತುಹೋದವು.

ಆಮೇಲೆ ನಡೆದದ್ದು ಇನ್ನೂ ದೊಡ್ಡ ಪಾಠ. ಐಸಿನ್ ತನ್ನ ಡ್ರಾಯಿಂಗ್‌ಗಳನ್ನು ಬೇರೆಯವರಿಗೆ ಕೊಟ್ಟಿತು. 200ಕ್ಕೂ ಹೆಚ್ಚು ಕಂಪನಿಗಳು ಕೈ ಜೋಡಿಸಿದವು. ಹೊಲಿಗೆ ಯಂತ್ರ ಮಾಡುವ ಬ್ರದರ್ ಕಂಪನಿ ಕೂಡ ವಾಲ್ವ್ ಮಾಡಿಕೊಟ್ಟಿತು. ರೇಟು ಎಷ್ಟು ಕೊಡ್ತೀರಿ ಅಂತ ಚೌಕಾಸಿಗೆ ಕೂತು ಯಾರೂ ಹೊತ್ತು ಕಳೆಯಲಿಲ್ಲ. ಸುಮಾರು ಒಂದು ವಾರದಲ್ಲಿ ಲೈನ್‌ಗಳು ಮತ್ತೆ ಓಡತೊಡಗಿದವು. ಎಷ್ಟು ಜನರಿಗೆ ತಮ್ಮದಲ್ಲದ ಕೆಲಸವೂ ಮಾಡಲು ಬರುತ್ತದೆ, ಸಪ್ಲೈಯರ್‌ಗಳ ಜೊತೆ ನಂಟು ಎಷ್ಟು ಗಟ್ಟಿ, ಹೊಸ ಭಾಗವನ್ನು ಎಷ್ಟು ಬೇಗ ಮಾಡಿ ತೋರಿಸಬಲ್ಲರು. ಕೈ ಹಿಡಿದದ್ದು ಇವೇ. ಯಾವ ಬ್ಯಾಲೆನ್ಸ್ ಶೀಟಿನಲ್ಲಿ ಇವಕ್ಕೆ ಜಾಗ ಇದೆ ಹೇಳಿ?

ಇಂಥದ್ದನ್ನೆಲ್ಲ ಅಳೆಯೋದು ಹೇಗೆ ಅಂತ ಕೇಳುವವರಿದ್ದಾರೆ. ಅಳೆಯಬಹುದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರೊಫೆಸರ್ ಡೇವಿಡ್ ಸಿಮ್ಚಿ-ಲೆವಿ ಫೋರ್ಡ್ ಕಂಪನಿಯ ಜೊತೆ ಕೆಲಸ ಮಾಡಿದಾಗ ಎರಡೇ ಪ್ರಶ್ನೆ ಇಟ್ಟುಕೊಂಡರು. ಒಂದು ಕಡೆ ಕೆಲಸ ನಿಂತರೆ ಮತ್ತೆ ಶುರುವಾಗಲು ಎಷ್ಟು ದಿನ ಬೇಕು? ಅಲ್ಲಿಯವರೆಗೆ ನಾವು ಎಷ್ಟು ದಿನ ತಡೆದುಕೊಳ್ಳಬಲ್ಲೆವು? ಸಪ್ಲೈಯರ್ ಎದ್ದು ನಿಲ್ಲಲು 20 ದಿನ ಬೇಕು, ನಮ್ಮ ಸ್ಟಾಕ್ 6 ದಿನಕ್ಕೆ ಸಾಕು ಅಂದುಕೊಳ್ಳಿ. ಮಧ್ಯದ 14 ದಿನ ಲೈನ್ ಖಾಲಿ. ಬೆಂಕಿ, ಪ್ರವಾಹ, ಭೂಕಂಪ ಯಾವುದು ಯಾವಾಗ ಬರುತ್ತದೆ ಅಂತ ಊಹಿಸುವ ಕಷ್ಟವೇ ಬೇಡ. ಅವರಿಗೆ ಕಂಡ ಇನ್ನೊಂದು ಸಂಗತಿ ನನಗೆ ತುಂಬಾ ಮುಖ್ಯ ಅನಿಸುತ್ತದೆ. ದೊಡ್ಡ ಅಪಾಯ ಎಷ್ಟೋ ಸಲ ಇರುವುದು ಕಡಿಮೆ ಬೆಲೆಯ ಭಾಗಗಳಲ್ಲಿ. ಖರ್ಚಿನ ಪಟ್ಟಿಯನ್ನು ಮೇಲಿಂದ ಕೆಳಗೆ ಓದುವವರ ಕಣ್ಣು ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಕಾರ್ಖಾನೆಯ ಒಳಗೂ ಇದೇ ಕಥೆ. ಓಇಇ, ಅಂದರೆ ಮಷೀನ್‌ನ ಒಟ್ಟು ಕಾರ್ಯಕ್ಷಮತೆಯ ಅಂಕಿ, ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಮಷೀನ್ ಹೇಗೆ ಓಡುತ್ತಿದೆ ಅಂತ ಅದು ಚೆನ್ನಾಗಿ ಹೇಳುತ್ತದೆ. ಕೆಟ್ಟು ನಿಂತ ಮಷೀನ್ ಮತ್ತೆ ಓಡಲು ಸರಾಸರಿ ಎಷ್ಟು ಗಂಟೆ ಬೇಕು, ಅದು ತಿಂಗಳಿಂದ ತಿಂಗಳಿಗೆ ಏರುತ್ತಿದೆಯಾ ಅಂತ ಕೇಳುವವರು ಕಡಿಮೆ.

ಗೋಡೆಯ ಮೇಲಿನ ಸ್ಕಿಲ್ ಮ್ಯಾಟ್ರಿಕ್ಸ್ ಬೋರ್ಡನ್ನು ಒಮ್ಮೆ ನಿಂತು ನೋಡಿ. ಎಡಗಡೆ ಆಪರೇಟರ್‌ಗಳ ಹೆಸರು, ಮೇಲೆ ಮಷೀನ್‌ಗಳ ಹೆಸರು, ನಡುವೆ ನಾಲ್ಕು ಭಾಗ ಮಾಡಿದ ಪುಟ್ಟ ವೃತ್ತಗಳು. ಕಲಿಯುತ್ತಿದ್ದರೆ ಕಾಲು ಭಾಗ ಕಪ್ಪು. ಬೇರೆಯವರಿಗೆ ಕಲಿಸಬಲ್ಲವರಾದರೆ ಪೂರ್ತಿ ಕಪ್ಪು. ಸಾಮಾನ್ಯವಾಗಿ ಎಲ್ಲರೂ ಅಡ್ಡಸಾಲು ಓದುತ್ತಾರೆ, ಯಾರಿಗೆ ಎಷ್ಟು ಬರುತ್ತದೆ ಅಂತ. ಮೇಲಿಂದ ಕೆಳಗೆ ಓದಿ. ಗ್ರೈಂಡಿಂಗ್ ಮಷೀನ್‌ನ ಕಾಲಂನಲ್ಲಿ ಒಂದೇ ಒಂದು ಕಪ್ಪು ವೃತ್ತ, ಉಳಿದದ್ದೆಲ್ಲ ಖಾಲಿ. ಆ ಮನುಷ್ಯ ಜ್ವರ ಬಂದು ಮಲಗಿದರೆ ಅವತ್ತಿನ ಡಿಸ್ಪ್ಯಾಚ್ ಏನಾಗುತ್ತದೆ? ಅವರು ನಿವೃತ್ತಿ ಆದರೆ? ಇಷ್ಟು ದೊಡ್ಡ ಅಪಾಯ ಎಲ್ಲರೂ ಓಡಾಡುವ ಜಾಗದಲ್ಲೇ ನೇತಾಡುತ್ತಿರುತ್ತದೆ. ಆ ಬೋರ್ಡನ್ನು ಆಡಿಟ್ ಹಿಂದಿನ ದಿನ ಮಾತ್ರ ಅಪ್‌ಡೇಟ್ ಮಾಡುವುದನ್ನು ಕಂಡರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ದುಡ್ಡಿನದ್ದಲ್ಲದ ಅಂಕಿ ಅಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದೇ ಅಂತಲ್ಲ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯಲ್ಲಿದ್ದ ಬಿಪಿ ತೈಲ ಕಂಪನಿಯ ರಿಫೈನರಿಯಲ್ಲಿ ಸ್ಫೋಟವಾಗಿ 15 ಜನ ಸತ್ತರು. ಕಂಪನಿ ಸುರಕ್ಷತೆಯನ್ನು ಅಳೆಯುತ್ತಿರಲಿಲ್ಲ ಅಂತಲ್ಲ, ಅಳೆಯುತ್ತಿತ್ತು. ಆದರೆ ಅದು ನೋಡುತ್ತಿದ್ದದ್ದು ಮುಖ್ಯವಾಗಿ ಕೆಲಸಗಾರರಿಗೆ ಆಗುವ ಗಾಯಗಳ ಲೆಕ್ಕವನ್ನು. ಜಾರಿ ಬಿದ್ದವರ ಸಂಖ್ಯೆ ಇಳಿದರೆ ತೈಲ ಬೇರ್ಪಡಿಸುವ ಟವರ್‌ನೊಳಗಿನ ಅಪಾಯ ಇಳಿದಿದೆ ಅಂತ ಅರ್ಥವಲ್ಲ. ಈ ದುರಂತದ ನಂತರ ನೇಮಕವಾದ ಬೇಕರ್ ಸಮಿತಿ 2007ರಲ್ಲಿ ಕೊಟ್ಟ ವರದಿ ಈ ತಪ್ಪನ್ನೇ ಎತ್ತಿ ತೋರಿಸಿತು. ಹಾಗಾಗಿ ನಿಮ್ಮ ಕಾರ್ಖಾನೆಯನ್ನು ನಿಜಕ್ಕೂ ಯಾವುದು ಮುಳುಗಿಸಬಲ್ಲದು ಅಂತ ಮೊದಲು ಯೋಚಿಸಿ, ಆಮೇಲೆ ಅಂಕಿ ಆರಿಸಿ.

ಇನ್ನೊಂದು ಮಾತು, ಇದು ಮ್ಯಾನೇಜರ್‌ಗಳಿಗೆ. ಈ ಅಂಕಿಗಳನ್ನು ಬೋನಸ್‌ಗೆ ಕಟ್ಟಬೇಡಿ, ಬೈಯಲಂತೂ ಬಳಸಲೇಬೇಡಿ. ಕೂದಲೆಳೆಯಲ್ಲಿ ತಪ್ಪಿದ ಅಪಘಾತವನ್ನು ಬರೆದುಕೊಟ್ಟ ಹುಡುಗನಿಗೆ 'ಯಾಕಾಯ್ತು, ಯಾರ ತಪ್ಪು' ಅಂತ ನೋಟಿಸ್ ಕೊಟ್ಟರೆ ಮುಂದಿನ ತಿಂಗಳು ರಿಪೋರ್ಟ್ ಸೊನ್ನೆ ಬರುತ್ತದೆ. ಆ ಸೊನ್ನೆಗೆ ಚಪ್ಪಾಳೆಯೂ ಬೀಳುತ್ತದೆ. ನನ್ನ ಪ್ರಕಾರ ನಿಯರ್ ಮಿಸ್ ರಿಪೋರ್ಟ್ ಜಾಸ್ತಿ ಬಂದರೆ ಖುಷಿಪಡಬೇಕು, ಜನ ಹೆದರದೆ ಹೇಳುತ್ತಿದ್ದಾರೆ ಅಂತ. ಮೇಂಟೆನೆನ್ಸ್ ಶೀಟ್‌ನದ್ದೂ ಇದೇ ಪಾಡು. ನೂರಕ್ಕೆ ನೂರು ಟಿಕ್ ಬೇಕೇ ಬೇಕು ಅಂತ ಹಟ ಹಿಡಿದರೆ ಟಿಕ್ ಬೀಳುತ್ತದೆ, ಎಣ್ಣೆ ಬೀಳುವುದಿಲ್ಲ.

ಸಣ್ಣ ಘಟಕಗಳವರು 'ಇದೆಲ್ಲ ದೊಡ್ಡವರಿಗೆ ಸರಿ' ಅನ್ನಬಹುದು. ನನಗನಿಸುವುದು ಉಲ್ಟಾ. ಸಣ್ಣವರಿಗೆ ಒಂದು ವಾರ ಲೈನ್ ನಿಂತರೂ ಚೇತರಿಸಿಕೊಳ್ಳುವುದು ಕಷ್ಟ, ಅಲ್ವಾ? ಇದಕ್ಕೆ ಸಾಫ್ಟ್‌ವೇರ್ ಬೇಕಾಗಿಲ್ಲ, ಒಂದು ನೋಟ್‌ಬುಕ್ ಸಾಕು. ಬಾಕಿ ಬಿದ್ದ ಮೇಂಟೆನೆನ್ಸ್ ಎಷ್ಟು, ರಿಪೇರಿಗೆ ಎಷ್ಟು ಗಂಟೆ ಹೋಯ್ತು, ಒಬ್ಬರೇ ಬಲ್ಲ ಕೆಲಸಗಳು ಎಷ್ಟು. ಈ ಮೂರನ್ನು ವಾರಕ್ಕೊಮ್ಮೆ ಬರೆಯಿರಿ. ಜೊತೆಗೆ ಒಂದೇ ಕಡೆಯಿಂದ ಬರುವ ಭಾಗಗಳ ಪಟ್ಟಿ ಮಾಡಿ, ಆ ಸಪ್ಲೈಯರ್‌ಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, 'ನಿಮ್ಮಲ್ಲಿ ಕೆಲಸ ನಿಂತರೆ ಮತ್ತೆ ಮಾಲು ಕಳಿಸಲು ಎಷ್ಟು ದಿನ ಬೇಕು' ಅಂತ ಕೇಳಿ. ಉತ್ತರ ಬರೆದುಕೊಂಡು, ಪಕ್ಕದಲ್ಲೇ ನಿಮ್ಮ ಸ್ಟಾಕ್ ಎಷ್ಟು ದಿನಕ್ಕೆ ಬರುತ್ತದೆ ಅಂತಲೂ ಬರೆಯಿರಿ. ಮುಂದಿನ ಮೀಟಿಂಗ್‌ನಲ್ಲಿ ಮಾರಾಟದ ಲೆಕ್ಕಕ್ಕಿಂತ ಮೊದಲು ಆ ಪುಟ ತೆಗೆಯಿರಿ.