ಹೆದ್ದಾರಿ 17 ಎಲ್ಲೂ ಹೋಗಿಲ್ಲ, ಅದೇ ಈಗಿನ 66

"ರಾಷ್ಟ್ರೀಯ ಹೆದ್ದಾರಿ 17 ಬೇರೆ, 66 ಬೇರೆ, ಹಳೇದನ್ನು ಬಿಟ್ಟೇ ಬಿಟ್ಟಿದ್ದಾರೆ" ಅಂತ ಉಡುಪಿ ಕಡೆ ಒಂದು ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಅದು ತಪ್ಪು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟರು, ಆಗ ಪನವೇಲ್‌ನಿಂದ ಉಡುಪಿ, ಮಂಗಳೂರು ದಾಟಿ ಕೇರಳಕ್ಕೆ ಹೋಗುವ ನಮ್ಮ 17, ಕನ್ಯಾಕುಮಾರಿವರೆಗಿನ 66ರೊಳಗೆ ಸೇರಿತು. ಉತ್ತರ-ದಕ್ಷಿಣ ರಸ್ತೆಗೆ ಸಮಸಂಖ್ಯೆ, ಪೂರ್ವ-ಪಶ್ಚಿಮಕ್ಕೆ ಬೆಸ. ಕಾಪುವಿನ ಒಂದು ಅಂಗಡಿಯ ಮಾಸಿದ ಬೋರ್ಡಿನಲ್ಲಿ ಇನ್ನೂ "ಎನ್‌ಎಚ್ 17" ಅಂತಲೇ ಇದೆ.

ಜಾಸ್ತಿ ಗೊಂದಲ ಶಿರಾಡಿ ಘಾಟಿಯದ್ದು. ಆ ರಸ್ತೆ ಮೊದಲು 48, ಈಗ 75. ಈಗಿನ 48 ದೆಹಲಿಯಿಂದ ಮುಂಬೈ, ಹುಬ್ಬಳ್ಳಿ, ಬೆಂಗಳೂರು ಮೇಲೆ ಚೆನ್ನೈಗೆ ಹೋಗುತ್ತದೆ. ಮಳೆಗಾಲದಲ್ಲಿ "48 ಬಂದ್" ಅಂತ ಬಂದರೆ ಸುಮ್ನೆ ಫಾರ್ವರ್ಡ್ ಮಾಡಬೇಡಿ, ಯಾವ ಊರಿನ ಹತ್ತಿರ ಅಂತ ಮೊದಲು ಕೇಳಿ.