ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ

ಕನ್ನಡದಲ್ಲಿ ಹೊಸದಾಗಿ ಕಥೆ ಬರೆಯುವವರಿಗೆ ಪತ್ರಿಕೆಗಳಿಂದ ತಿರಸ್ಕಾರ ಬರುವುದೇ ಮೌನದ ರೂಪದಲ್ಲಿ. ಹಿಂದೆ ಅಂಚೆ ಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಜೊತೆಗಿಟ್ಟರೆ ಕಥೆ ವಾಪಸಾದರೂ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಕೈಯಲ್ಲಿ ದಪ್ಪ ಲಕೋಟೆ ಕಂಡರೆ ಒಡೆಯದೆಯೇ ವಿಷಯ ಗೊತ್ತಾಗುತ್ತಿತ್ತು. ಈಗ ಇಮೇಲ್. ತಲುಪಿತಾ, ಯಾರಾದರೂ ತೆರೆದರಾ, 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಆ ಕಡೆ ಬರೀ ಚಿತ್ರವಿಚಿತ್ರ ಅಕ್ಷರವಾಗಿ ಕಂಡಿತಾ, ಒಂದೂ ಗೊತ್ತಾಗುವುದಿಲ್ಲ.

ಹಾಗಾಗಿ ಭಾನುವಾರ ಬೆಳಿಗ್ಗೆ ನಾವೇ ಫಲಿತಾಂಶ ನೋಡಿಕೊಳ್ಳಬೇಕು. ಪೇಪರ್ ಬಂದ ಕೂಡಲೇ ಪುರವಣಿ ಎಳೆದು, ಕಥೆಯ ಪುಟ ತೆಗೆದು, ಚಿತ್ರದ ಪಕ್ಕದ ಹೆಸರು ನೋಡುವುದು. ಬೇರೆಯವರ ಹೆಸರು. ಆಮೇಲೆ ಆ ಕಥೆಯನ್ನು ಓದುತ್ತೇವಲ್ಲ, ಅಷ್ಟು ಕೆಟ್ಟ ಮನಸ್ಸಿನಿಂದ ಬೇರೇನನ್ನೂ ಓದಿರುವುದಿಲ್ಲ! 'ಇದನ್ನ ಹಾಕಿದಾರೆ, ನನ್ನದು ಬೇಡವಾಯ್ತಾ?'

ಅಪಾಯ ಇರುವುದು ಅದೇ ರಾತ್ರಿ. ಸಿಟ್ಟಲ್ಲಿ ಕಥೆಯನ್ನು ಇಲ್ಲೇ ಫೇಸ್‌ಬುಕ್ ಗೋಡೆ ಮೇಲೆ ಹಾಕಿಬಿಡುತ್ತಾರೆ. 'ಸೂಪರ್ ಸರ್', 'ಅದ್ಭುತ ಮೇಡಂ' ಅಂತ ಕಾಮೆಂಟು ಬೀಳುತ್ತವೆ. ಹೊಟ್ಟೆ ತಣ್ಣಗಾಗುತ್ತದೆ ನಿಜ. ಆದರೆ ಹೆಚ್ಚಿನ ಕಥಾಸ್ಪರ್ಧೆಗಳ ನಿಯಮ ಓದಿ ನೋಡಿ: ಬ್ಲಾಗ್, ಫೇಸ್‌ಬುಕ್ಕಿನಲ್ಲಿ ಬಂದಿದ್ದರೂ ಅದು ಪ್ರಕಟವಾದ ಕಥೆಯೇ. ಒಬ್ಬರು ಬೇಡ ಅಂದಿದ್ದಕ್ಕೆ ಉಳಿದ ಬಾಗಿಲನ್ನೆಲ್ಲ ನಾವೇ ಮುಚ್ಚಿಕೊಂಡ ಹಾಗೆ. ಕಥೆಯನ್ನು ಇಲ್ಲಿ ಹಾಕುವುದು ತಪ್ಪಲ್ಲ, ಸಿಟ್ಟಲ್ಲಿ ಹಾಕಬೇಡಿ ಅಷ್ಟೇ.

'ಎಲ್ಲ ಲಾಬಿ, ಅವರವರ ಕಡೆಯವರಿಗೇ ಅವಕಾಶ' ಅನ್ನುವ ಮಾತೂ ಇದೆ. ಸ್ವಲ್ಪ ಇರಬಹುದು, ಇಲ್ಲ ಅನ್ನಲ್ಲ. ಆದರೆ ಲೆಕ್ಕವನ್ನೂ ನೋಡಿ. ವಾರಕ್ಕೊಂದು ಕಥೆ ಹಾಕುವ ಪುರವಣಿಗೆ ವರ್ಷಕ್ಕೆ ಬೇಕಾಗುವುದು 52 ಕಥೆ. ಒಂದೇ ಪುಟ, ಅದರಲ್ಲಿ ಚಿತ್ರಕ್ಕೂ ಜಾಗ ಬೇಕು. ನಾಲ್ಕು ಸಾವಿರ ಪದದ ಕಥೆ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಹಿಡಿಸುವುದಿಲ್ಲ. ಅದು 'ಮಯೂರ', 'ತುಷಾರ'ದಂಥ ಮಾಸಪತ್ರಿಕೆಗೆ ಹೋಗಬೇಕಾದ್ದು.

ದೊಡ್ಡ ಲೇಖಕರೂ ತಿರಸ್ಕೃತರಾಗಿದ್ದರು ಅನ್ನುವ ಸಮಾಧಾನ ನನಗೆ ಅಷ್ಟು ಹಿಡಿಸುವುದಿಲ್ಲ. ಗೆದ್ದವರ ಕಥೆ ಮಾತ್ರ ನಮಗೆ ತಲುಪುತ್ತದೆ, ಅಲ್ವಾ? ಆದರೆ ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಮೊದಲ ಕಾದಂಬರಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ವಾಪಸ್ ಕಳಿಸಿದಾಗ ಅವರೇನೂ ಛಲ ಹಿಡಿದು ಕೂರಲಿಲ್ಲ. ಬೇಸತ್ತು, ಅದನ್ನು ಥೇಮ್ಸ್ ನದಿಗೆ ಎಸೆದುಬಿಡು ಅಂತ ಆಕ್ಸ್‌ಫರ್ಡ್‌ನಲ್ಲಿದ್ದ ಗೆಳೆಯ ಕಿಟ್ಟು ಪೂರ್ಣ ಅವರಿಗೆ ತಿಳಿಸಿದರು. ಗೆಳೆಯ ಎಸೆಯಲಿಲ್ಲ, ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್‌ಗೆ ಓದಲು ಕೊಟ್ಟರು. 1935ರಲ್ಲಿ ಪುಸ್ತಕ ಬಂತು. ಬರೆದವನು ಸೋತು ಕೂತಾಗಲೂ ಓದಿದವನೊಬ್ಬ ಕೈಬಿಡಲಿಲ್ಲ.

ಅಂಥ ಒಬ್ಬ ಓದುಗ ಬೇಕು. 'ಚೆನ್ನಾಗಿದೆ ಕಣೋ' ಅನ್ನುವವನಲ್ಲ. 'ಮೂರನೇ ಪುಟದಲ್ಲಿ ನಿದ್ದೆ ಬಂತು ಮಾರಾಯ' ಅನ್ನುವವನು. ಸಂಪಾದಕರು ಕಾರಣ ಹೇಳುವುದಿಲ್ಲ, ಇವನು ಹೇಳುತ್ತಾನೆ. ಕೇಳಿದ ದಿನ ಮೈ ಉರಿಯುತ್ತದೆ. ಎರಡು ದಿನ ಬಿಟ್ಟು ಮೂರನೇ ಪುಟ ತೆಗೆದು ನೋಡಿದರೆ ಅಲ್ಲಿ ನಾಯಕಿ ಕಿಟಕಿ ಪಕ್ಕ ಕೂತು ಸುಮ್ನೆ ಯೋಚಿಸುತ್ತಲೇ ಇರುತ್ತಾಳೆ.

ಮೌನಕ್ಕೊಂದು ಗಡುವು ಹಾಕಿಕೊಳ್ಳಿ. ಪತ್ರಿಕೆಯವರೇ ಅವಧಿ ಹೇಳಿದ್ದರೆ ಅದು, ಇಲ್ಲದಿದ್ದರೆ ಮೂರು ತಿಂಗಳು ಸಾಕು ಅನ್ನುವುದು ನನ್ನ ಲೆಕ್ಕ. ಅಷ್ಟಾದ ಮೇಲೆ 'ಕಥೆ ಹಿಂತೆಗೆದುಕೊಂಡಿದ್ದೇನೆ' ಅಂತ ಒಂದು ಸಾಲು ಬರೆದು ಇನ್ನೊಂದು ಕಡೆ ಕಳಿಸಿ. ನಾಕೈದು ಕಥೆ ಹೀಗೆ ಸುತ್ತಾಡುತ್ತಿರಲಿ. ಒಂದರ ಮೇಲೇ ಜೀವ ಇಟ್ಟುಕೊಂಡು ಕೂರುವುದು ತಪ್ಪುತ್ತದೆ.

ಇದನ್ನು ಓದುತ್ತಿರುವ ಸಂಪಾದಕರು ಯಾರಾದರೂ ಇದ್ದರೆ ಒಂದು ಕೋರಿಕೆ. ಕಾರಣ ಬೇಡ, ವಿಮರ್ಶೆ ಬೇಡ, ನಿಮಗೆ ಪುರುಸೊತ್ತಿಲ್ಲ ಅಂತ ಗೊತ್ತು. 'ಕಥೆ ತಲುಪಿದೆ, ಇಷ್ಟು ದಿನದಲ್ಲಿ ತಿಳಿಸದಿದ್ದರೆ ಬೇರೆ ಕಡೆ ಕಳಿಸಿಕೊಳ್ಳಿ' ಅಂತ ತಾನಾಗೇ ಹೋಗುವ ಒಂದು ಉತ್ತರವನ್ನು ಇಮೇಲ್‌ನಲ್ಲಿ ಹೊಂದಿಸಿಡಿ ಸ್ವಾಮಿ. ಹತ್ತು ನಿಮಿಷದ ಕೆಲಸ.